ಜಾನ್ ವಾನ್ ನ್ಯೂಮನ್: ಗಣಕಯಂತ್ರದ ಶಿಲ್ಪಿ, ಮಿದುಳಿನ ವಿದ್ಯಾರ್ಥಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಆಜ್ಞಾಪಿಸಿದ್ದಾರೆ. ಬಸವಣ್ಣನವರ ಕುರಿತು, ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತು, ಕರ್ಮವೀರ ಭಾವುರಾವ ಪಾಟೀಲರ ಕುರಿತು ಬರೆಯಲು ನನಗಿಂತ ಸಮರ್ಥರು ನಮ್ಮಲ್ಲಿದ್ದಾರೆ. ನಾನು ಆಯ್ದುಕೊಂಡವರು ದೂರದ ಹಂಗೇರಿಯಲ್ಲಿ ಹುಟ್ಟಿ, ಅಮೇರಿಕದಲ್ಲಿ ಬಾಳಿ, 1957ರಲ್ಲಿಯೇ ಕಾಲವಾದ ಗಣಿತಜ್ಞ ಜಾನ್ ವಾನ್ ನ್ಯೂಮನ್ ಅವರು.

ಈ ಆಯ್ಕೆಗೆ ಕಾರಣವಿದೆ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತು ಇಂದು ಪುಣೆ, ಬೆಂಗಳೂರುಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ತರುಣರು ಊರಿಗೆ ಬಂದಾಗಲೆಲ್ಲ ಕೃತಕ ಬುದ್ಧಿಮತ್ತೆಯ ವಿಚಾರವನ್ನೇ ಮಾತನಾಡುತ್ತಾರೆ. ಆ ಬುದ್ಧಿಮತ್ತೆಗೆ ಬೇಕಾಗುವ ವಿದ್ಯುತ್ತಿನ ಲೆಕ್ಕವನ್ನು ಅವರ ಬಾಯಿಂದ ಕೇಳಿದರೆ, ರಾತ್ರಿಪಾಳಿಯ ಕರೆಂಟಿಗಾಗಿ ಬಾವಿಯ ದಂಡೆಯ ಮೇಲೆ ಕಾದು ಕುಳಿತು ಬಲ್ಲ ಜತ್ತ ತಾಲೂಕಿನ ನಮ್ಮಂಥವರಿಗೆ ಬೆರಗಾಗದೆ ಇರದು. ಯಂತ್ರವು ಅಷ್ಟೊಂದು ವಿದ್ಯುತ್ತನ್ನು ಏಕೆ ನುಂಗುತ್ತದೆ? ಅದನ್ನು ಮನುಷ್ಯನ ಮಿದುಳಿನಂತೆ ಮಿತವ್ಯಯದಿಂದ ನಡೆಯುವಂತೆ ಮಾಡುವ ದಾರಿ ಯಾವುದು? ಈ ಎರಡು ಪ್ರಶ್ನೆಗಳ ಬೇರನ್ನು ಹುಡುಕುತ್ತ ಹೋದರೆ ಒಬ್ಬರೇ ವ್ಯಕ್ತಿ ಎದುರಾಗುತ್ತಾರೆ. ಗಣಕಯಂತ್ರಕ್ಕೆ ಇಂದಿನ ರಚನೆಯನ್ನು ಬರಹದಲ್ಲಿ ಇಳಿಸಿಕೊಟ್ಟವರೂ ಅವರೇ. ಮಿದುಳಿನ ಮುಂದೆ ಆ ಯಂತ್ರವು ಎಷ್ಟು ದುಬಾರಿ ಎಂಬುದನ್ನು ಅಂಕಿಗಳಲ್ಲಿ ಅಳೆದು ನೋಡಿದವರೂ ಅವರೇ.

ಅವರು ಜನಿಸಿದ್ದು 1903ನೆಯ ಇಸವಿಯ ಡಿಸೆಂಬರ್ 28ರಂದು, ಬುಡಾಪೆಸ್ಟ್ ನಗರದಲ್ಲಿ. ಹುಟ್ಟುಹೆಸರು ಯಾನೋಷ್. ತಂದೆ ಮಿಕ್ಷಾ ನ್ಯೂಮನ್ ಬ್ಯಾಂಕಿನ ದೊಡ್ಡ ಅಧಿಕಾರಿ, ತಾಯಿ ಮಾರ್ಗಿಟ್. ಮೂವರು ಗಂಡುಮಕ್ಕಳಲ್ಲಿ ಯಾನೋಷ್ ಹಿರಿಯ. ಯೆಹೂದಿ ಮನೆತನವಾದರೂ ನಗರದ ಪ್ರತಿಷ್ಠಿತರಲ್ಲಿ ಸೇರಿದ್ದಿತು. 1913ರಲ್ಲಿ ತಂದೆಗೆ ಚಕ್ರವರ್ತಿಯಿಂದ ಕುಲೀನ ಪದವಿ ಲಭಿಸಿತು. ಹೆಸರಿನ ನಡುವಿನ ವಾನ್ ಎಂಬುದು ಬಂದದ್ದು ಆ ಮೂಲಕ. ತಾಯಿಯ ತಂದೆ ಯಾಕಬ್ ಕಾನ್ ಅವರು ದೊಡ್ಡ ದೊಡ್ಡ ಸಂಖ್ಯೆಗಳನ್ನು ಕಾಗದ ಮುಟ್ಟದೆ ಮನಸ್ಸಿನಲ್ಲಿಯೇ ಕೂಡಿಸಿ ಗುಣಿಸುತ್ತಿದ್ದರೆಂದು ಮನೆಯವರು ನೆನೆಯುತ್ತಿದ್ದರು. ಮೊಮ್ಮಗನೂ ಆರನೆಯ ವಯಸ್ಸಿಗೆ ಎಂಟು ಅಂಕಿಯ ಸಂಖ್ಯೆಗಳನ್ನು ಬಾಯಿಲೆಕ್ಕದಲ್ಲಿ ಭಾಗಿಸುತ್ತಿದ್ದನೆಂದು ಹೇಳುವರು. ಮಹಾಪುರುಷರ ಬಾಲ್ಯದ ಕಥೆಗಳು ಅವರು ದೊಡ್ಡವರಾದ ಮೇಲೆ ಬೆಳೆಯುತ್ತವೆ ಎಂಬುದನ್ನು ನಾನು ಬಲ್ಲೆ. ಆದರೆ ಈ ಬಾಲಕನ ಸ್ಮರಣಶಕ್ತಿಯ ವಿಷಯದಲ್ಲಿ ಅವರ ಸಹಪಾಠಿಗಳೂ ಸಹೋದ್ಯೋಗಿಗಳೂ ಒಂದೇ ಮಾತನ್ನು ಹೇಳಿರುವುದರಿಂದ ಪೂರ್ತಿ ತಳ್ಳಿಹಾಕುವಂತಿಲ್ಲ.

ಒಬ್ಬ ಶಿಕ್ಷಕನಾಗಿ ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗವು ಅವರ ಶಾಲೆ. 1914ರಲ್ಲಿ ಯಾನೋಷ್ ಬುಡಾಪೆಸ್ಟಿನ ಲೂಥರನ್ ಪ್ರೌಢಶಾಲೆಯನ್ನು ಸೇರಿದನು. ಅಲ್ಲಿ ಗಣಿತ ಕಲಿಸುತ್ತಿದ್ದವರು ಲಾಸ್ಲೋ ರಾಟ್ಸ್ ಎಂಬ ಗುರುಗಳು. ಹುಡುಗನನ್ನು ಕೆಲವೇ ದಿನ ನೋಡಿ ಅವರು ಒಂದು ನಿರ್ಣಯಕ್ಕೆ ಬಂದರು: ಇವನಿಗೆ ತರಗತಿಯ ಗಣಿತವನ್ನು ಕಲಿಸುತ್ತ ಕೂಡುವುದು ಕಾಲಹರಣ. ತಂದೆಯನ್ನು ಭೆಟ್ಟಿಯಾಗಿ ಮನವೊಲಿಸಿ, ವಿಶ್ವವಿದ್ಯಾಲಯದ ಗಣಿತಜ್ಞರಿಂದ ಪ್ರತ್ಯೇಕ ಪಾಠದ ವ್ಯವಸ್ಥೆ ಮಾಡಿಸಿದರು. ಹಾಗೆಂದು ಹುಡುಗನನ್ನು ಶಾಲೆಯಿಂದ ಬಿಡಿಸಲಿಲ್ಲ. ಉಳಿದ ಮಕ್ಕಳೊಡನೆ ಇತಿಹಾಸ, ಭಾಷೆ, ವ್ಯಾಯಾಮಗಳ ತಾಸುಗಳಲ್ಲಿ ಅವನೂ ಕುಳಿತನು. ತನಗಿಂತ ಮುಂದೆ ಹೋಗಬಲ್ಲ ಶಿಷ್ಯನನ್ನು ಗುರುತಿಸಿ, ತನ್ನ ಕೈಯಿಂದ ಬಿಟ್ಟು ಮೇಲಿನವರ ಕೈಗೆ ಒಪ್ಪಿಸುವ ದೊಡ್ಡತನ ಎಲ್ಲ ಶಿಕ್ಷಕರಲ್ಲಿ ಇರುವುದಿಲ್ಲ. ಒಂದು ವರ್ಷ ಮುಂದಿನ ತರಗತಿಯಲ್ಲಿದ್ದ ಇನ್ನೊಬ್ಬ ಶಿಷ್ಯ ಯೂಜೀನ್ ವಿಗ್ನರ್ 1963ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಅಮೇರಿಕದ ತಮ್ಮ ಕಚೇರಿಯ ಗೋಡೆಗೆ ಆ ರಾಟ್ಸ್ ಗುರುಗಳ ಭಾವಚಿತ್ರವನ್ನು ಅವರು ತೂಗುಹಾಕಿದ್ದರು.

ಇಲ್ಲಿ ಇನ್ನೊಂದು ಮಾತು. ಆ ಶಾಲೆಯ ಬೋಧನೆ ನಡೆದದ್ದು ಹಂಗೇರಿಯ ಭಾಷೆಯಲ್ಲಿ. ಸುತ್ತಲೂ ಜರ್ಮನ್, ಸ್ಲಾವ್, ರುಮೇನಿಯ ಭಾಷೆಗಳಿರುವ ನಡುವೆ ಅವುಗಳೊಡನೆ ಯಾವ ಬಂಧುತ್ವವೂ ಇಲ್ಲದ ಸಣ್ಣ ಭಾಷೆ ಅದು. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳಿಸಲೋ ಬೇಡವೋ ಎಂದು ಅನುಮಾನಿಸುವ ತಂದೆತಾಯಿಗಳಿಗೆ ನಾನು ಎಷ್ಟೋ ಸಲ ಈ ಸಂಗತಿಯನ್ನು ಹೇಳಿದ್ದೇನೆ. ಯಾನೋಷ್ ಮನೆಯಲ್ಲಿ ಜರ್ಮನ್, ಫ್ರೆಂಚ್ ಕಲಿತನು, ಗ್ರೀಕ್ ಲ್ಯಾಟಿನ್‌ಗಳನ್ನೂ ಕಲಿತನು; ಆದರೆ ಗಣಿತದ ಮೊದಲ ಪಾಠಗಳನ್ನು ತಾಯ್ನುಡಿಯಲ್ಲಿಯೇ ಗ್ರಹಿಸಿದನು. ಮುಂದೆ ಇಡೀ ಜೀವನವನ್ನು ಇಂಗ್ಲಿಷ್ ಆಡುವ ನಾಡಿನಲ್ಲಿ ಕಳೆದರೂ ಅವರ ಉಚ್ಚಾರದ ಹಂಗೇರಿಯ ಧಾಟಿ ಹೋಗಲಿಲ್ಲ. ಅದರಿಂದ ಅವರ ಗಣಿತಕ್ಕೇನೂ ಕುಂದು ಬರಲಿಲ್ಲ.

ಶಾಲೆ ಮುಗಿಯುವ ಹೊತ್ತಿಗೆ ದೇಶದ ಸ್ಥಿತಿ ಕೆಟ್ಟಿತ್ತು. ಮೊದಲನೆಯ ಮಹಾಯುದ್ಧದ ಸೋಲು, 1919ರ ಕ್ರಾಂತಿ, ಆಮೇಲಿನ ಪ್ರತೀಕಾರ, 1920ರಲ್ಲಿ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದ ಕಾಯದೆ. ಮಗನು ಗಣಿತವನ್ನೇ ಕಲಿಯಬೇಕೆಂದರೆ, ತಂದೆಯು ಹೊಟ್ಟೆಗೆ ಹಿಟ್ಟು ತರುವ ವಿದ್ಯೆಯನ್ನು ಕಲಿಯೆಂದರು. ಇಂಥ ವಾದ ಶೇಗಾಂವದ ಯಾವ ಮನೆಯಲ್ಲಿ ನಡೆದಿಲ್ಲ? ಮಗನು ಎರಡನ್ನೂ ಮಾಡಿದನು. ಬರ್ಲಿನ್ನಿನಲ್ಲಿಯೂ ಜ್ಯೂರಿಕ್ಕಿನಲ್ಲಿಯೂ ರಸಾಯನಶಾಸ್ತ್ರವನ್ನು ಓದುತ್ತ, ಪರೀಕ್ಷೆಯ ಕಾಲಕ್ಕೆ ಮಾತ್ರ ಬುಡಾಪೆಸ್ಟಿಗೆ ಬಂದು ಗಣಿತದ ಪರೀಕ್ಷೆಗೆ ಕುಳಿತು, 1926ರ ಹೊತ್ತಿಗೆ ರಾಸಾಯನಿಕ ಎಂಜಿನಿಯರಿಂಗ್ ಪದವಿಯನ್ನೂ ಗಣಿತದ ಡಾಕ್ಟರೇಟನ್ನೂ ಕೈಯಲ್ಲಿ ಹಿಡಿದಿದ್ದರು. ಮುಂದಿನ ಹತ್ತು ವರ್ಷಗಳ ಸಾಧನೆಯನ್ನು ವಿವರಿಸಲು ನನಗೆ ಶಕ್ತಿಯೂ ಇಲ್ಲ, ಸ್ಥಳವೂ ಇಲ್ಲ. ಕ್ವಾಂಟಂ ವಿಜ್ಞಾನಕ್ಕೆ ಗಣಿತದ ತಳಹದಿ ಹಾಕಿದ ಅವರ ಗ್ರಂಥ 1932ರಲ್ಲಿ ಹೊರಬಂದಿತು. 1930ರಲ್ಲಿ ಅಮೇರಿಕದ ಪ್ರಿನ್ಸ್‌ಟನ್ನಿಗೆ ಹೋದರು. 1933ರಲ್ಲಿ ಅಲ್ಲಿನ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ಪ್ರಾಧ್ಯಾಪಕರ ಪಂಕ್ತಿಯಲ್ಲಿ ಐನ್‌ಸ್ಟೈನರೊಡನೆ ಸ್ಥಾನ ಪಡೆದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. 1937ರಲ್ಲಿ ಅಮೇರಿಕದ ಪ್ರಜೆಯಾದರು. ಮೊದಲ ಪತ್ನಿ ಮಾರಿಯೆಟ್ ಅವರಿಂದ ಮರೀನಾ ಎಂಬ ಮಗಳು. ಆ ದಾಂಪತ್ಯ ಮುರಿದ ಮೇಲೆ 1938ರಲ್ಲಿ ಕ್ಲಾರಾ ಡಾನ್ ಅವರನ್ನು ಮದುವೆಯಾದರು. ಈ ಕ್ಲಾರಾ ಅವರು ಮುಂದೆ ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆದ ಮೊದಲಿಗರಲ್ಲಿ ಒಬ್ಬರಾದರು.

ಎರಡನೆಯ ಮಹಾಯುದ್ಧದಲ್ಲಿ ಅವರು ಅಣುಬಾಂಬಿನ ನಿರ್ಮಾಣದಲ್ಲಿ ಭಾಗವಹಿಸಿದರು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಸ್ಫೋಟಕಗಳನ್ನು ಹೊಂದಿಸುವ ಗಣಿತವು ಬಹುಪಾಲು ಅವರದು. ಯಾವ ನಗರಗಳನ್ನು ಗುರಿ ಮಾಡಬೇಕೆಂದು ಆಲೋಚಿಸಿದ ಸಮಿತಿಯಲ್ಲಿಯೂ ಅವರಿದ್ದರು. ಯುದ್ಧದ ನಂತರ ಹೈಡ್ರೋಜನ್ ಬಾಂಬನ್ನೂ ಬೆಂಬಲಿಸಿದರು. ಜೀವನಚರಿತ್ರೆ ಬರೆಯುವವನು ನಾಯಕನ ಇಂಥ ಭಾಗವನ್ನು ಮುಚ್ಚಿಡಬಾರದೆಂಬುದು ನನ್ನ ಮತ. ನನಗೆ ಇದು ಒಪ್ಪಿಗೆಯಾಗದ ಕೆಲಸ. ಆದರೆ ಗಣಕಯಂತ್ರದ ಕಥೆಯೂ ಇದೇ ಬಾಗಿಲಿನಿಂದಲೇ ಒಳಗೆ ಬರುತ್ತದೆ. ಬಾಂಬಿನ ಲೆಕ್ಕಗಳು ಮನುಷ್ಯರ ಕೈಗೆ ನಿಲುಕದಷ್ಟು ಉದ್ದವಾಗಿದ್ದುದರಿಂದಲೇ ಅವರು ಲೆಕ್ಕ ಮಾಡುವ ಯಂತ್ರವನ್ನು ಅರಸುತ್ತಿದ್ದರು.

1944ರ ಬೇಸಗೆಯಲ್ಲಿ ಅಬರ್ಡೀನ್ ಎಂಬ ರೈಲ್ವೆ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತ ನಿಂತಿದ್ದಾಗ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ತರುಣ ಸೈನ್ಯಾಧಿಕಾರಿ ಅವರ ಪರಿಚಯ ಮಾಡಿಕೊಂಡರು. ಮಾತಿನ ಭರದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಲಾಗುತ್ತಿದ್ದ ಎನಿಯಾಕ್ ಎಂಬ ಯಂತ್ರದ ವಿಷಯ ಬಂದಿತು. ಜಾನ್ ಮಾಕ್ಲಿ, ಪ್ರೆಸ್ಪರ್ ಎಕರ್ಟ್ ಎಂಬಿಬ್ಬರು ಅದರ ನಿರ್ಮಾಪಕರು. ನಮ್ಮ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವುಗಳನ್ನು ಓದುಗರಲ್ಲಿ ಹಿರಿಯರು ನೋಡಿರಬಹುದು. ಅಂಥ ಸುಮಾರು 18,000 ವಾಲ್ವುಗಳು ಆ ಯಂತ್ರದಲ್ಲಿದ್ದವು. ತೂಕ 30 ಟನ್ನು. ಅದು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್, ಅಂದರೆ ನಮ್ಮ ಹೊಲಗಳಲ್ಲಿರುವ ಐದು ಅಶ್ವಶಕ್ತಿಯ ನಲವತ್ತು ಪಂಪುಗಳು ಒಮ್ಮೆಗೇ ತಿರುಗಿದಷ್ಟು. ಇಷ್ಟಾದರೂ ಒಂದು ಲೆಕ್ಕ ಮುಗಿಸಿ ಬೇರೊಂದು ಬಗೆಯ ಲೆಕ್ಕಕ್ಕೆ ಹೊರಳಬೇಕಾದರೆ ತಂತಿಗಳನ್ನು ಕಿತ್ತು ಮತ್ತೆ ಜೋಡಿಸುವುದರಲ್ಲಿಯೇ ದಿನಗಳು ಕಳೆಯುತ್ತಿದ್ದವು.

ಮುಂದಿನ ಯಂತ್ರವು ಹೀಗಿರಬಾರದೆಂದು ಎಕರ್ಟ್, ಮಾಕ್ಲಿ, ಗೋಲ್ಡ್‌ಸ್ಟೈನ್, ವಾನ್ ನ್ಯೂಮನ್ ಮೊದಲಾದವರು ಕೂಡಿ ಚರ್ಚಿಸಿದರು. ಅದರ ಫಲವಾಗಿ ವಾನ್ ನ್ಯೂಮನ್ ಅವರು ಬರೆದ 101 ಪುಟಗಳ ವರದಿಯೊಂದು 1945ರ ಜೂನ್ 30ರ ತಾರೀಖಿನೊಡನೆ ಹೊರಬಿದ್ದಿತು. ಅಂದಿನಿಂದ ಇಂದಿನವರೆಗೆ ನಿಮ್ಮ ಕಿಸೆಯಲ್ಲಿರುವ ಮೊಬೈಲ್ ಫೋನು ಸಹ ಬಹುಮಟ್ಟಿಗೆ ಆ ವರದಿಯ ಮಾದರಿಯಲ್ಲಿಯೇ ನಡೆಯುತ್ತಿದೆ. ಲೆಕ್ಕ ಮಾಡುವ ಅಂಗವೊಂದು, ನಿಯಂತ್ರಿಸುವ ಅಂಗವೊಂದು, ನೆನಪಿಡುವ ಅಂಗವೊಂದು, ಒಳಗೆ ತೆಗೆದುಕೊಳ್ಳುವ ಮತ್ತು ಹೊರಗೆ ಕೊಡುವ ಅಂಗಗಳೆರಡು. ಅಂಕಿಗಳನ್ನಷ್ಟೇ ಅಲ್ಲದೆ, ಏನು ಮಾಡಬೇಕೆಂಬ ಸೂಚನೆಗಳನ್ನೂ ಅದೇ ನೆನಪಿನ ಉಗ್ರಾಣದಲ್ಲಿ ಇಡಬೇಕು. ಸೂಚನೆ ಬದಲಿಸಿದರೆ ಯಂತ್ರದ ಕೆಲಸ ಬದಲಾಗುತ್ತದೆ. ತಂತಿ ಕೀಳುವ ಅಗತ್ಯವಿಲ್ಲ.

ಅಂಗ ಎಂಬ ಶಬ್ದವನ್ನು ನಾನು ಸೇರಿಸಿದ್ದಲ್ಲ, ಅವರೇ ಬಳಸಿದ್ದು. 1943ರಲ್ಲಿ ವಾರನ್ ಮೆಕಲಕ್ ಎಂಬ ವೈದ್ಯರೂ ವಾಲ್ಟರ್ ಪಿಟ್ಸ್ ಎಂಬ ಇಪ್ಪತ್ತರ ತರುಣನೂ ಕೂಡಿ, ಮಿದುಳಿನ ನರಕೋಶಗಳು ಹೌದು ಅಲ್ಲ ಎಂಬ ತರ್ಕವನ್ನು ಹೇಗೆ ನಡೆಸಬಲ್ಲವೆಂದು ಒಂದು ಲೇಖನ ಬರೆದಿದ್ದರು. ವಾನ್ ನ್ಯೂಮನ್ ಅವರ ವರದಿಯು ಹೆಸರಿಸುವ ಪ್ರಕಟಿತ ಲೇಖನ ಅದೊಂದೇ. ವಾಲ್ವುಗಳ ಜೋಡಣೆಯನ್ನು ಅವರು ನರಕೋಶಗಳ ಭಾಷೆಯಲ್ಲಿಯೇ ವಿವರಿಸಿದ್ದಾರೆ. ಗಣಕಯಂತ್ರದ ಜಾತಕದಲ್ಲಿಯೇ ಮಿದುಳಿನ ಹೆಸರು ಬರೆದಿದೆಯೆಂದಾಯಿತು.

ಆ ವರದಿಯ ಮೇಲೆ ವಾನ್ ನ್ಯೂಮನ್ ಒಬ್ಬರದೇ ಹೆಸರಿದ್ದುದು ಮುಂದೆ ದೊಡ್ಡ ವಿವಾದಕ್ಕೆ ಕಾರಣವಾಯಿತು. ಎಕರ್ಟ್ ಮತ್ತು ಮಾಕ್ಲಿಯವರು ತಮ್ಮ ವಿಚಾರಗಳೂ ಅವರ ಹೆಸರಿನಲ್ಲಿ ಹೋದವೆಂದು ಕೊನೆಯವರೆಗೂ ನೊಂದುಕೊಂಡರು. ಅಪೂರ್ಣ ಕರಡನ್ನು ಗೋಲ್ಡ್‌ಸ್ಟೈನ್ ಅವರೇ ಹಂಚಿದ್ದರೆಂಬುದು ನಿಜ. ಆದರೂ ಆ ಇಬ್ಬರ ಹೆಸರನ್ನು ಸೇರಿಸಲು ಒಂದು ಸಾಲು ಸಾಕಾಗುತ್ತಿತ್ತು. ಅದನ್ನು ವಾನ್ ನ್ಯೂಮನ್ ಅವರು ಆಮೇಲಾದರೂ ಬರೆಯಬಹುದಾಗಿತ್ತೆಂದು ನನಗೆ ಅನ್ನಿಸುತ್ತದೆ. 1973ರಲ್ಲಿ ಅಮೇರಿಕದ ನ್ಯಾಯಾಲಯವು ಎನಿಯಾಕ್ ಯಂತ್ರದ ಪೇಟೆಂಟನ್ನು ರದ್ದುಗೊಳಿಸಿದಾಗ, ಕೊಟ್ಟ ಕಾರಣಗಳಲ್ಲಿ ಈ ವರದಿಯ ಹಂಚಿಕೆಯೂ ಒಂದಾಗಿತ್ತು.

ಇನ್ನು ವಿದ್ಯುತ್ತಿನ ವಿಷಯ. ಲೆಕ್ಕದ ಅಂಗ ಬೇರೆ, ನೆನಪಿನ ಅಂಗ ಬೇರೆ ಎಂಬ ಆ ವಿಂಗಡಣೆಯಲ್ಲಿಯೇ ಇಂದಿನ ತೊಂದರೆಯ ಬೀಜವಿದೆ. ನಮ್ಮ ಹಿರಿಯರ ಕಾಲದ ಒಂದು ಉದಾಹರಣೆಯಿಂದ ಹೇಳುವೆನು. ಜೋಳವು ಹಗೇವಿನಲ್ಲಿದೆ, ಹಗೇವು ಊರ ಹೊರಗಿದೆ. ಬೀಸುಕಲ್ಲು ಮನೆಯ ಒಳಗಿದೆ. ಒಂದೊಂದೇ ಮುಷ್ಟಿ ಜೋಳವನ್ನು ತಂದು, ಬೀಸಿ, ಹಿಟ್ಟನ್ನು ಮತ್ತೆ ಊರ ಹೊರಗೆ ಒಯ್ದಿಟ್ಟು ಬರಬೇಕೆಂಬ ನಿಯಮವಿದ್ದರೆ ಹೇಗೆ? ಬೀಸುವ ಶ್ರಮಕ್ಕಿಂತ ನಡೆಯುವ ಶ್ರಮವೇ ಹೆಚ್ಚಾಗುವುದು. ಗಣಕಯಂತ್ರದಲ್ಲಿ ನಡೆಯುವುದು ಇದೇ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಸ್ ಅವರು ಮುಂದಿಟ್ಟ ಲೆಕ್ಕದಂತೆ, ಎರಡು ಸಂಖ್ಯೆಗಳನ್ನು ಗುಣಿಸಲು ತಗಲುವ ಶಕ್ತಿಗಿಂತ ಆ ಸಂಖ್ಯೆಯನ್ನು ಹೊರಗಿನ ನೆನಪಿನ ಚಿಪ್ಪಿನಿಂದ ತರಲು ನೂರು ಪಟ್ಟಿಗೂ ಮಿಕ್ಕಿ ಶಕ್ತಿ ಬೇಕು. ಹಗೇವಿಗೂ ಬೀಸುಕಲ್ಲಿಗೂ ನಡುವಿನ ಈ ಇಕ್ಕಟ್ಟಾದ ಓಣಿಗೆ 1977ರಲ್ಲಿ ಜಾನ್ ಬ್ಯಾಕಸ್ ಎಂಬ ವಿಜ್ಞಾನಿ ವಾನ್ ನ್ಯೂಮನ್ ಅವರ ಹೆಸರನ್ನೇ ಇಟ್ಟರು. ಸತ್ತು ಇಪ್ಪತ್ತು ವರ್ಷಗಳ ಮೇಲೆ ಒಬ್ಬರ ಹೆಸರು ಒಂದು ದೋಷಕ್ಕೆ ಅಂಟಿಕೊಳ್ಳುವುದು ವಿಚಿತ್ರ ಗೌರವವೇ ಸರಿ.

ಕಚೇರಿಯ ಲೆಕ್ಕಪತ್ರಗಳಿಗೆ ಈ ನಡಿಗೆಯು ಅಷ್ಟು ಭಾರವೆನಿಸಲಿಲ್ಲ. ಆದರೆ ಕೃತಕ ಬುದ್ಧಿಮತ್ತೆಯು ಒಂದು ಪ್ರಶ್ನೆಗೆ ಉತ್ತರಿಸಬೇಕಾದರೆ ಕೋಟ್ಯಂತರ ಸಂಖ್ಯೆಗಳನ್ನು ಹಗೇವಿನಿಂದ ತೆಗೆದು ತರಬೇಕಾಗುತ್ತದೆ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳೆಲ್ಲ ಕೂಡಿ ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಜಗತ್ತಿನ ಒಟ್ಟು ಬಳಕೆಯಲ್ಲಿ ಶೇಕಡಾ ಒಂದೂವರೆಯಷ್ಟು. 2030ಕ್ಕೆ ಇದು ಎರಡು ಪಟ್ಟಿಗೂ ಮೀರುವುದೆಂದೂ, ಏರಿಕೆಗೆ ಮುಖ್ಯ ಕಾರಣ ಕೃತಕ ಬುದ್ಧಿಮತ್ತೆಯೇ ಎಂದೂ ಅದೇ ಸಂಸ್ಥೆ ಹೇಳಿದೆ. ಇತ್ತ ನಮ್ಮ ತಲೆಯೊಳಗಿನ ಮಿದುಳು ನಡೆಯುವುದು ಸುಮಾರು 20 ವ್ಯಾಟಿನಲ್ಲಿ. ಮೊದಲಿನ ನಲವತ್ತು ಕ್ಯಾಂಡಲ್ ಬಲ್ಬಿನ ಅರ್ಧದಷ್ಟು! ಒಂದು ಪಂಪಿನ ಕರೆಂಟಿನಲ್ಲಿ ನೂರ ಎಂಬತ್ತಕ್ಕೂ ಹೆಚ್ಚು ಮಿದುಳುಗಳು ನಡೆದಾವು. ನಮ್ಮ ಶಾಲೆಯ ಹಲವು ತರಗತಿಗಳ ಮಕ್ಕಳೆಲ್ಲ ಅದರಲ್ಲಿ ಪಾಠ ಕಲಿತು ಮುಗಿಸಿಯಾರು.

ವಾನ್ ನ್ಯೂಮನ್ ಅವರು ಯುದ್ಧಾನಂತರ ಪ್ರಿನ್ಸ್‌ಟನ್ನಿನಲ್ಲಿ ತಮ್ಮದೇ ಯಂತ್ರವನ್ನು ಕಟ್ಟಿಸಿದರು. ಜೂಲಿಯನ್ ಬಿಗೆಲೊ ಅದರ ಎಂಜಿನಿಯರು. 1952ರಲ್ಲಿ ಲೋಕಕ್ಕೆ ತೋರಿಸಿದ ಆ ಯಂತ್ರದ ನೆನಪಿನಲ್ಲಿ ಇದ್ದದ್ದು 40 ಅಂಕಿಗಳ 1024 ಮನೆಗಳು ಮಾತ್ರ. ಈ ಸಂಚಿಕೆಯ ಒಂದು ತುಂಬುಪುಟದ ಅಕ್ಷರಗಳೂ ಅದರಲ್ಲಿ ಹಿಡಿಯಲಾರವು. ಅದರ ನಕ್ಷೆಯನ್ನು ಗುಟ್ಟಾಗಿಡದೆ ಕೇಳಿದವರಿಗೆ ಕೊಟ್ಟದ್ದರಿಂದ ಹಲವು ದೇಶಗಳಲ್ಲಿ ಅದರ ಮಕ್ಕಳು ಹುಟ್ಟಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಮ್ಮವರು 1960ರಲ್ಲಿ ಕಟ್ಟಿ ಮುಗಿಸಿದ ಯಂತ್ರವೂ ಅದೇ ಜಾಡಿನದು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದರು. ಮಳೆಯ ದಾರಿ ಕಾಯುವ ನಮ್ಮ ತಾಲೂಕಿನವರಿಗೆ ಇನ್ನೊಂದು ಸಂಗತಿ ಹಿಡಿಸೀತು. ಹವೆಯ ಮುನ್ಸೂಚನೆಯನ್ನು ಯಂತ್ರದ ಲೆಕ್ಕದಿಂದ ಮೊದಲ ಬಾರಿಗೆ ತೆಗೆದದ್ದು 1950ರಲ್ಲಿ, ವಾನ್ ನ್ಯೂಮನ್, ಚಾರ್ನಿ ಮೊದಲಾದವರು, ಅದೇ ಹಳೆಯ ಎನಿಯಾಕ್ ಯಂತ್ರದ ಮೇಲೆ. ಇಪ್ಪತ್ನಾಲ್ಕು ತಾಸಿನ ಮುನ್ಸೂಚನೆಗೆ ಹೆಚ್ಚುಕಡಿಮೆ ಇಪ್ಪತ್ನಾಲ್ಕು ತಾಸು ಲೆಕ್ಕ ನಡೆಯಿತು. ನಾಳೆಯ ಹವೆ ತಿಳಿಯುವಷ್ಟರಲ್ಲಿ ನಾಳೆಯೇ ಬಂದಿರುತ್ತಿತ್ತು.

ಇಷ್ಟು ಯಂತ್ರಗಳ ನಡುವೆಯೂ ಅವರ ಮನಸ್ಸು ಮಿದುಳಿನ ಕಡೆಗೇ ಎಳೆಯುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಭೆಯೊಂದರಲ್ಲಿ ಅವರು ಜೀವಿಗಳ ನರಮಂಡಲವನ್ನೂ ಮನುಷ್ಯ ಕಟ್ಟಿದ ಯಂತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿದರು. 1952ರ ಜನವರಿಯಲ್ಲಿ ಅಲ್ಲಿಯೇ ಕೊಟ್ಟ ಉಪನ್ಯಾಸಗಳಲ್ಲಿ ಅವರು ಎತ್ತಿದ ಪ್ರಶ್ನೆ ಬಹಳ ಸೊಗಸಾದುದು. ಯಂತ್ರದಲ್ಲಿ ಒಂದು ವಾಲ್ವು ಸುಟ್ಟರೆ ಇಡೀ ಲೆಕ್ಕ ಕೆಡುತ್ತದೆ. ಮಿದುಳಿನಲ್ಲಿಯಾದರೋ ಬಿಡಿ ಕೋಶಗಳು ತಪ್ಪುತ್ತವೆ, ಸಾಯುತ್ತವೆ. ಆದರೂ ಮನುಷ್ಯನು ಎಪ್ಪತ್ತು ವರ್ಷ ತನ್ನ ಹೆಸರನ್ನು ಮರೆಯುವುದಿಲ್ಲ. ನೆಚ್ಚಿಕೆಯಿಲ್ಲದ ಬಿಡಿಭಾಗಗಳಿಂದ ನೆಚ್ಚಬಹುದಾದ ಯಂತ್ರವನ್ನು ಕಟ್ಟುವುದು ಹೇಗೆ? ಒಂದೇ ಕೆಲಸವನ್ನು ಹಲವು ಭಾಗಗಳಿಗೆ ಕೊಟ್ಟು, ಪಂಚರ ನಿರ್ಣಯದಂತೆ ಬಹುಮತವನ್ನು ಸ್ವೀಕರಿಸುತ್ತ ಹೋದರೆ ಒಟ್ಟು ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದೆಂದು ಅವರು ಗಣಿತದಿಂದ ತೋರಿಸಿದರು.

1955ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪ್ರಖ್ಯಾತವಾದ ಸಿಲಿಮನ್ ಉಪನ್ಯಾಸಮಾಲೆಗೆ ಅವರನ್ನು ಆಮಂತ್ರಿಸಿದರು. ಅವರು ಆರಿಸಿಕೊಂಡ ವಿಷಯ, ಗಣಕಯಂತ್ರ ಮತ್ತು ಮಿದುಳು. ಅದೇ ವರ್ಷದ ಮಾರ್ಚಿನಲ್ಲಿ ಅವರು ಅಮೇರಿಕದ ಪರಮಾಣು ಶಕ್ತಿ ಆಯೋಗದ ಸದಸ್ಯರಾಗಿ ವಾಷಿಂಗ್ಟನ್ನಿಗೆ ಬಂದಿದ್ದರು. ಹಗಲೆಲ್ಲ ಸರಕಾರಿ ಕೆಲಸ. ರಾತ್ರಿ ಮನೆಯಲ್ಲಿ ಉಪನ್ಯಾಸದ ಬರವಣಿಗೆ. ಆಗಸ್ಟಿನಲ್ಲಿ ಎಡಭುಜದ ಬೇನೆಗೆ ಮೂಳೆಯ ಅರ್ಬುದರೋಗವೇ ಕಾರಣವೆಂದು ಗೊತ್ತಾಯಿತು. ವರ್ಷ ಮುಗಿಯುವುದರೊಳಗೆ ಅದು ಬೆನ್ನುಹುರಿಗೆ ಏರಿತು. 1956ರ ಜನವರಿಯಲ್ಲಿ ಅವರು ಗಾಲಿಕುರ್ಚಿಗೆ ಬಂದರು. ಉಪನ್ಯಾಸ ಕೊಡುವುದು ಅಸಾಧ್ಯವೆಂದು ಮಾರ್ಚಿಗೆ ಸ್ಪಷ್ಟವಾಯಿತು. ಬರೆದದ್ದನ್ನಾದರೂ ಕೊಡಿರೆಂದು ಯೇಲ್‌ನವರು ಒಪ್ಪಿದರು. ಏಪ್ರಿಲಿನಲ್ಲಿ ವಾಲ್ಟರ್ ರೀಡ್ ಆಸ್ಪತ್ರೆಗೆ ಸೇರುವಾಗ ಆ ಹಸ್ತಪ್ರತಿಯೂ ಅವರ ಜೊತೆಗೇ ಹೋಯಿತು. ಮತ್ತೆ ಅವರು ಹೊರಗೆ ಬರಲಿಲ್ಲ.

ಆ ಅಪೂರ್ಣ ಹಸ್ತಪ್ರತಿಯ ನಡುವೆ ಒಂದು ಚಿಕ್ಕ ಲೆಕ್ಕವಿದೆ. ಮಿದುಳು ಸುಮಾರು 10 ವ್ಯಾಟ್ ಬಳಸುತ್ತದೆ, ಅದರಲ್ಲಿ ಸುಮಾರು ಸಾವಿರ ಕೋಟಿ ನರಕೋಶಗಳಿವೆ ಎಂದು ಹಿಡಿದರೆ ಒಂದು ಕೋಶಕ್ಕೆ ಬರುವ ಪಾಲು ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಭಾಗ. ಒಂದು ವಾಲ್ವಿಗಾದರೋ ಐದರಿಂದ ಹತ್ತು ವ್ಯಾಟ್ ಬೇಕು. ಅಂದು ಹೊಸದಾಗಿದ್ದ ಟ್ರಾನ್ಸಿಸ್ಟರಿಗೂ ವ್ಯಾಟಿನ ಹತ್ತನೆಯ ಒಂದು ಭಾಗ ಬೇಕಾಗಿತ್ತು. ಹೀಗಾಗಿ ನಿಸರ್ಗವು ಕಟ್ಟಿದ ಯಂತ್ರವು ಮನುಷ್ಯ ಕಟ್ಟಿದ್ದಕ್ಕಿಂತ ಹತ್ತು ಕೋಟಿ ಪಟ್ಟು, ಅದಕ್ಕೂ ಮಿಕ್ಕಿ ಮಿತವ್ಯಯಿ. ಮಿದುಳಿನ ಕೋಶಗಳು 8,600 ಕೋಟಿಯ ಸಮೀಪ ಇವೆಯೆಂದು ಈಗ ತಿಳಿದಿದೆ. ಟ್ರಾನ್ಸಿಸ್ಟರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆ ಅಂತರವನ್ನು ಬಹಳಷ್ಟು ತುಂಬಿದೆ. ಆದರೆ ಅವರ ಇನ್ನೊಂದು ಪ್ರಶ್ನೆ ಉಳಿದೇ ಇತ್ತು. ಮಿದುಳಿನಲ್ಲಿ ನೆನಪು ಎಲ್ಲಿರುತ್ತದೆ? ಯಂತ್ರದಂತೆ ಬೇರೆ ಉಗ್ರಾಣವೊಂದು ಅಲ್ಲಿ ಅವರಿಗೆ ಕಾಣಲಿಲ್ಲ. ನರಕೋಶಗಳು ಒಂದನ್ನೊಂದು ಕೂಡುವ ಸಂಧಿಗಳು ಗಟ್ಟಿಯಾಗುವುದರಲ್ಲಿ, ಸಡಿಲವಾಗುವುದರಲ್ಲಿ ನೆನಪು ಅಡಗಿದೆಯೆಂದು ಮುಂದಿನ ಪೀಳಿಗೆಯ ವಿಜ್ಞಾನಿಗಳು ಕಂಡುಕೊಂಡರು. ಆ ಶೋಧಕ್ಕಾಗಿ ಎರಿಕ್ ಕ್ಯಾಂಡೆಲ್ ಅವರು 2000ನೆಯ ಇಸವಿಯ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಮಿದುಳಿನಲ್ಲಿ ಹಗೇವು, ಬೀಸುಕಲ್ಲು ಎರಡೂ ಒಂದೇ. ಅಲ್ಲದೆ ಯಂತ್ರದ ಗಂಟೆಯು ಕೆಲಸವಿರಲಿ ಬಿಡಲಿ ಸೆಕೆಂಡಿಗೆ ನೂರಾರು ಕೋಟಿ ಸಲ ಬಾರಿಸುತ್ತಲೇ ಇರುತ್ತದೆ. ನರಕೋಶವು ಹೇಳುವುದಿದ್ದಾಗ ಮಾತ್ರ ಮಿಡಿಯುತ್ತದೆ.

ಆಸ್ಪತ್ರೆಯ ದಿನಗಳ ಒಂದು ಸಂಗತಿಯನ್ನು ಬರೆಯದಿದ್ದರೆ ಈ ಚರಿತ್ರೆ ಅಪೂರ್ಣವಾದೀತು. ಅರ್ಬುದವು ಮಿದುಳನ್ನೂ ಮುಟ್ಟಿತು. ಅವರಿಗೆ ಸಾವಿಗಿಂತ ಬುದ್ಧಿ ಕಳೆದುಕೊಳ್ಳುವ ಭಯ ದೊಡ್ಡದಾಯಿತು. ತಮ್ಮನು ಪಕ್ಕದಲ್ಲಿ ಕುಳಿತು ಗಯಟೆಯ ಫೌಸ್ಟ್ ನಾಟಕವನ್ನು ಜರ್ಮನ್ ಭಾಷೆಯಲ್ಲಿ ಓದಿ ಹೇಳುತ್ತಿದ್ದನು. ಒಂದು ದಿನ ಅವರು ಮಗಳು ಮರೀನಾಳಿಗೆ ತಮ್ಮನ್ನು ಬಾಯಿಲೆಕ್ಕದಲ್ಲಿ ಪರೀಕ್ಷಿಸಲು ಹೇಳಿದರು. ಏಳು ಮತ್ತು ನಾಲ್ಕು ಎಷ್ಟು ಎಂಬಂಥ, ನಮ್ಮ ಒಂದನೆಯ ಇಯತ್ತೆಯ ಲೆಕ್ಕಗಳು. ಆಕೆ ಕೆಲವು ನಿಮಿಷ ಕೇಳಿ, ತಾಳಲಾರದೆ ಕೋಣೆಯಿಂದ ಹೊರಗೆ ಹೋದಳು. 1957ರ ಫೆಬ್ರುವರಿ 8ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹಸ್ತಪ್ರತಿಯನ್ನು ಮರುವರ್ಷ ಯೇಲ್‌ನವರು ಪ್ರಕಟಿಸಿದರು. ನೂರು ಪುಟವೂ ತುಂಬದ ಚಿಕ್ಕ ಪುಸ್ತಕ. ಅದಕ್ಕೆ ಮುನ್ನುಡಿ ಬರೆದವರು ಕ್ಲಾರಾ ಅವರು. ನಾವು ಬಳಸುವ ಗಣಿತದ ಭಾಷೆ ಬೇರೆ, ಮಿದುಳು ಒಳಗೊಳಗೇ ಆಡಿಕೊಳ್ಳುವ ಭಾಷೆ ಬೇರೆ ಇದ್ದೀತೆಂಬ ವಿಚಾರಕ್ಕೆ ಬಂದು ಪುಸ್ತಕವು ನಿಂತುಹೋಗುತ್ತದೆ.

ಆ ದಾರಿಯಲ್ಲಿ ಆಮೇಲೆ ಹಲವರು ನಡೆದರು. 1960ರ ಸುಮಾರಿಗೆ ಫ್ರ್ಯಾಂಕ್ ರೋಸೆನ್‌ಬ್ಲಾಟ್ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞ 400 ಬೆಳಕಿನ ಕಣ್ಣುಗಳನ್ನು ಜೋಡಿಸಿ, ಚಿತ್ರಗಳನ್ನು ತಾನೇ ಗುರುತಿಸಲು ಕಲಿಯುವ ಯಂತ್ರವನ್ನು ಕಟ್ಟಿದರು. 1971ರಲ್ಲಿ ತಮ್ಮ ನಲವತ್ತಮೂರನೆಯ ಹುಟ್ಟುಹಬ್ಬದ ದಿನವೇ ದೋಣಿಯ ಅಪಘಾತದಲ್ಲಿ ತೀರಿಕೊಂಡರು. ನರಮಂಡಲದ ಮಾದರಿಯ ಚಿಪ್ಪುಗಳಿಗೆ ನ್ಯೂರೋಮಾರ್ಫಿಕ್ ಎಂಬ ಹೆಸರನ್ನು 1980ರ ದಶಕದಲ್ಲಿ ರೂಢಿಗೆ ತಂದವರು ಕ್ಯಾಲಿಫೋರ್ನಿಯಾದ ಕಾರ್ವರ್ ಮೀಡ್ ಅವರು. 2014ರಲ್ಲಿ ಐಬಿಎಂ ಕಂಪನಿಯಲ್ಲಿ ಧರ್ಮೇಂದ್ರ ಮೋಧಾ ಎಂಬ ಭಾರತೀಯ ಮೂಲದವರ ತಂಡವು ಟ್ರೂನಾರ್ತ್ ಎಂಬ ಚಿಪ್ಪನ್ನು ಹೊರತಂದಿತು. ಅದರಲ್ಲಿ ಹತ್ತು ಲಕ್ಷ ಕೃತಕ ನರಕೋಶಗಳು. ಅದು ಬಳಸುವ ವಿದ್ಯುತ್ತು ಒಂದು ವ್ಯಾಟಿನ ಹದಿನಾಲ್ಕನೆಯ ಒಂದು ಭಾಗದಷ್ಟು ಮಾತ್ರ.

ನಮ್ಮವರ ಕೆಲಸವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡವು ವಿಶೇಷ ಅಣುಗಳ ತೆಳು ಪದರವೊಂದನ್ನು ಸಿದ್ಧಪಡಿಸಿ, ಆ ಪದರದೊಳಗೇ ನೆನಪಿಡುವುದನ್ನೂ ಲೆಕ್ಕ ಮಾಡುವುದನ್ನೂ ಒಟ್ಟಿಗೆ ಸಾಧಿಸಿದ ವಾರ್ತೆ 2024ರ ಸೆಪ್ಟೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ಚಿಪ್ಪಿನ ಒಂದು ಬಿಂದುವಿಗೆ ಹೌದು, ಅಲ್ಲ ಎಂಬ ಎರಡೇ ಸ್ಥಿತಿಗಳು. ಈ ಪದರಕ್ಕೆ 16,500 ಸ್ಥಿತಿಗಳು. ಆಕಾಶ ದೂರದರ್ಶಕವೊಂದು ಕಳಿಸಿದ ಅಂಕಿಗಳಿಂದ ನಕ್ಷತ್ರಲೋಕದ ಚಿತ್ರವನ್ನು ಮೇಜಿನ ಮೇಲಿನ ಗಣಕಯಂತ್ರದಲ್ಲಿಯೇ ಅವರು ಬಿಡಿಸಿ ತೋರಿಸಿದರು. ಅದನ್ನು ಪೂರ್ಣ ಚಿಪ್ಪಾಗಿ ರೂಪಿಸುವ ಕೆಲಸಕ್ಕೆ ಕೇಂದ್ರ ಸರಕಾರದ ನೆರವೂ ದೊರೆತಿದೆ. ಆ ಸಂಸ್ಥೆಯವರು ವರ್ಷದಲ್ಲಿ ಒಂದು ದಿನ ತಮ್ಮ ಪ್ರಯೋಗಶಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಕೂಡಿ ಒಂದು ಬಸ್ಸಿನ ಮತ್ತು ಒಂದು ರಾತ್ರಿಯ ವಸತಿಯ ವ್ಯವಸ್ಥೆ ಮಾಡುವುದಾದರೆ, ಮೇಲಿನ ತರಗತಿಯ ಮಕ್ಕಳನ್ನು ಕರೆದುಕೊಂಡು ಬರಲು ಶಿಕ್ಷಕರು ಸಿದ್ಧರಿದ್ದಾರೆ. ಮಂಡಿನೋವು ಒಪ್ಪಿದರೆ ನಾನೂ ಬರುವವನೇ.